ಹಿತ್ತಲಿನ ಟೊಮೆಟೊ ಹಣ್ಣಾಗುವ ಹೊತ್ತಿಗೆ ಸೀಳುವುದೇಕೆ?

ವಿಜಯಪುರದ ಗೃಹಿಣಿ:
ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನ ಎರೆಮಣ್ಣಿನಲ್ಲಿ ಟೊಮೆಟೊ ಗಿಡಗಳು ಹುಲುಸಾಗಿ ಬೆಳೆದು ಕಾಯಿಯನ್ನೂ ಚೆನ್ನಾಗಿ ಹಿಡಿದಿವೆ. ಆದರೆ ಬಣ್ಣ ತಿರುಗುವ ಹೊತ್ತಿಗೆ ತೊಟ್ಟಿನ ಬುಡದಿಂದ ಕೆಳಮುಖವಾಗಿ ಸೀಳು ಬೀಳುತ್ತದೆ. ಮರುದಿನ ನೋಡಿದರೆ ಅದರೊಳಗೆ ಇರುವೆ ಸೇರಿರುತ್ತವೆ. ಕೆಲವು ಹಸಿರು ಕಾಯಿಗಳಲ್ಲಿ ತೊಟ್ಟಿನ ಸುತ್ತ ಬಳೆಯಂತೆ ಗೆರೆಗಳು ಮೂಡಿವೆ. ನಳದ ನೀರು ಬಂದ ದಿನ ಪಾತಿ ತುಂಬ ಬಿಡುತ್ತೇವೆ, ಮುಂದಿನ ಸರದಿಯವರೆಗೆ ಮಣ್ಣು ಒಣಗಿಯೇ ಇರುತ್ತದೆ. ಉತ್ತರೆ ಮಳೆ ಜೋರಾಗಿ ಸುರಿದ ಮೇಲಂತೂ ಸೀಳದ ಹಣ್ಣನ್ನು ಹುಡುಕಬೇಕಾಗಿದೆ. ಇದು ರೋಗವೇ? ಔಷಧ ಹೊಡೆಯಬೇಕೇ?

ಬಾಗಲಕೋಟೆಯ ತೋಟಿಗ:
ಅಕ್ಕನವರೆ, ಇದು ರೋಗವಲ್ಲ. ದಯವಿಟ್ಟು ಔಷಧಕ್ಕೆ ಹಣ ಹಾಕಬೇಡಿ. ಮಣ್ಣು ಒಣಗಿದ ದಿನಗಳಲ್ಲಿ ಕಾಯಿಯ ಸಿಪ್ಪೆ ಬಿರುಸಾಗಿ, ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ನೀರು ಸಿಕ್ಕಾಗ ಒಳಗಿನ ತಿರುಳು ಉಬ್ಬುವ ವೇಗಕ್ಕೆ ಸಿಪ್ಪೆ ಹೊಂದಿಕೊಳ್ಳಲಾರದೆ ಹರಿಯುತ್ತದೆ. ರಾತ್ರಿ ಎಲೆಗಳಿಂದ ನೀರು ಆವಿಯಾಗುವುದು ಕಡಿಮೆಯಾದ್ದರಿಂದ ಕಾಯಿಯ ಮೇಲಿನ ಒತ್ತಡ ಹೆಚ್ಚುತ್ತದೆ; ಹೊಸ ಸೀಳುಗಳು ಹೆಚ್ಚಾಗಿ ಬೆಳಿಗ್ಗೆ ಕಣ್ಣಿಗೆ ಬೀಳುವುದು ಇದೇ ಕಾರಣಕ್ಕೆ. ನೀರು ಹೆಚ್ಚಾಯಿತೆಂದು ಹಲವರು ಹೇಳುತ್ತಾರಾದರೂ, ನನ್ನ ಮಟ್ಟಿಗೆ ತೊಂದರೆ ಇರುವುದು ನೀರಿನ ಏರುಪೇರಿನಲ್ಲಿ.

ನಳದ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟುಕೊಂಡು, ದಿನವೋ ದಿನ ಬಿಟ್ಟು ದಿನವೋ ಸ್ವಲ್ಪ ಸ್ವಲ್ಪವಾಗಿ ಬುಡಕ್ಕೆ ಹಾಕಿರಿ. ಎರೆಮಣ್ಣು ಒಣಗಿ ಬಾಯಿಬಿಟ್ಟರೆ ಎಳೆಯ ಬೇರುಗಳೂ ಹರಿಯುತ್ತವೆ. ಆದ್ದರಿಂದ ಬುಡದ ಸುತ್ತ ಕಬ್ಬಿನ ರವದಿಯನ್ನೋ (ಒಣಗಿದ ಎಲೆ) ತೊಗರಿ ಹೊಟ್ಟನ್ನೋ ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಬಿಡಿರಿ. ನಮ್ಮ ಕಡೆ ರವದಿಯನ್ನು ಸುಟ್ಟುಬಿಡುತ್ತಾರೆ, ಅದನ್ನು ನೋಡಿದರೆ ಸಂಕಟವಾಗುತ್ತದೆ.

ಬೆಳಗಾವಿಯ ನಿವೃತ್ತ ಶಿಕ್ಷಕ:
ಮೇಲಿನ ಮಾತು ಸರಿಯಾಗಿದೆ, ಆದರೆ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಳಿಯಾಡಲೆಂದು ಎಲೆಗಳನ್ನು ವಿಪರೀತ ಕಿತ್ತರೆ ಕಾಯಿಗಳು ನೇರ ಬಿಸಿಲಿಗೆ ಸಿಕ್ಕಿ ಸಿಪ್ಪೆ ದುರ್ಬಲವಾಗುತ್ತದೆ. ನೆಲಕ್ಕೆ ತಾಗುವ ಎಲೆಗಳನ್ನಷ್ಟೇ ತೆಗೆಯಿರಿ. ಕಾಯಿ ಕಟ್ಟಿದ ಮೇಲೆ ಯೂರಿಯಾ ಹಾಕುವುದನ್ನೂ ನಿಲ್ಲಿಸಿರಿ. ಬೋರಾನ್ ಎಂಬ ಪೋಷಕಾಂಶದ ಕೊರತೆಯಿಂದಲೂ ಹಣ್ಣು ಸೀಳುವುದುಂಟು, ಅದಕ್ಕೆ ಲೀಟರ್ ನೀರಿಗೆ ಬೋರಾನ್ ಇರುವ ಬೋರಾಕ್ಸ್ ಪುಡಿಯನ್ನು 2.5 ಗ್ರಾಂ ಬೆರೆಸಿ ಸಿಂಪಡಿಸುವ ಪದ್ಧತಿಯಿದೆ. ಆದರೆ ಬೋರಾನ್ ಹೆಚ್ಚಾದರೆ ಗಿಡಕ್ಕೇ ವಿಷವಾಗುವುದರಿಂದ, ಮಣ್ಣು ಪರೀಕ್ಷೆ ಮಾಡಿಸದೆ ಅದಕ್ಕೆ ಕೈಹಾಕಬೇಡಿ.

ವಿಜಯಪುರದ ಗೃಹಿಣಿ:
ತಮ್ಮಿಬ್ಬರಿಗೂ ಕೃತಜ್ಞತೆಗಳು. ನೀರನ್ನು ನಾವು ಹದಕ್ಕೆ ತರಬಹುದು, ಆದರೆ ಹಸ್ತ, ಚಿತ್ತೆ ಮಳೆಗಳು ಇನ್ನೂ ಬಾಕಿ ಇವೆಯಲ್ಲ?

ಬಾಗಲಕೋಟೆಯ ತೋಟಿಗ:
ಮೋಡ ಕಟ್ಟಿದ್ದು ಕಂಡೊಡನೆ, ತೊಟ್ಟಿನ ಎದುರು ತುದಿಯಲ್ಲಿ ಗುಲಾಬಿ ಛಾಯೆ ಮೂಡಿದ ಕಾಯಿಗಳನ್ನೆಲ್ಲ ಕಿತ್ತುಬಿಡಿರಿ. ಆ ಹಂತ ತಲುಪಿದ ಕಾಯಿ ಹಣ್ಣಾಗಲು ಗಿಡವೂ ಬೇಡ, ಬಿಸಿಲೂ ಬೇಡ. ಬುಟ್ಟಿಯಲ್ಲಿ ಒಂದೇ ಪದರವಾಗಿ ಹರಡಿ ಅಡುಗೆಮನೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಹಣ್ಣಾಗುವುದು ನಿಂತು ರುಚಿಯೂ ಕೆಡುತ್ತದೆ. ಬಳೆಯಾಕಾರದ ಗೆರೆ ಒಣಗಿ ಗಟ್ಟಿಯಾಗಿದ್ದರೆ ಆ ಕಾಯಿಗಳನ್ನು ಗಿಡದಲ್ಲೇ ಬಿಡಬಹುದು. ಹೊಸದಾಗಿ ಸೀಳಿದ ಹಣ್ಣನ್ನು ಅಂದೇ ಸಾರಿಗೋ ಚಟ್ನಿಗೋ ಬಳಸಿರಿ. ಸೀಳಿನಲ್ಲಿ ಬೂಷ್ಟು ಕಂಡರೆ ಅಥವಾ ಹುಳಿವಾಸನೆ ಬಂದರೆ ಇಡೀ ಹಣ್ಣನ್ನೇ ಗೊಬ್ಬರದ ಗುಂಡಿಗೆ ಹಾಕಿರಿ.