ಡ್ಯೂಸ್ ಟು ಸೆವೆನ್ ಟ್ರಿಪಲ್ ಡ್ರಾ: ಮೊದಲ ಸಲ ಯಾವ ಎಲೆ ಎಸೆಯೋದು?

ಪ್ರಶ್ನೆ: ಸರ್, ಪೋಕರ್‌ನ ಈ ಆಟಕ್ಕೆ ನಾನು ಹೊಸಬ. ಕಡಿಮೆ ಕೈ ಗೆಲ್ಲುತ್ತದೆ, ಮೂರು ಸಲ ಎಲೆ ಬದಲಿಸಬಹುದು, ಅಷ್ಟು ಗೊತ್ತು. ನಿನ್ನೆ 3-4-5-6 ಜೊತೆ ಒಂದು ರಾಜ ಬಂತು. ಖುಷಿಯಿಂದ ರೇಸ್ ಮಾಡಿ (ಬೆಟ್ ಏರಿಸಿ) ರಾಜನನ್ನು ಎಸೆದೆ. ಮೊದಲು 2 ಬಂತು, ಆಮೇಲೆ 7, ಕೊನೆಗೆ ರಾಣಿ. ಅದೃಷ್ಟ ಕೆಟ್ಟಿತ್ತಾ, ಆಟವೇ ತಪ್ಪಾ?

ಉತ್ತರ: ಅದೃಷ್ಟವನ್ನು ಸುಮ್ನೆ ಬೈಯಬೇಡಿ, ಅದು ಕೇಳಿದ ಎಲೆಗಳನ್ನೇ ಕೊಟ್ಟಿದೆ! ಇಲ್ಲಿ ಸ್ಟ್ರೇಟ್ (ಐದೂ ಎಲೆ ಸಾಲಾಗಿ ಬರೋದು), ಫ್ಲಶ್ (ಐದೂ ಒಂದೇ ಜಾತಿಯವು ಬರೋದು) ಎರಡೂ ಕೈ ಕೆಡಿಸುತ್ತವೆ. ಎಕ್ಕ ಯಾವಾಗಲೂ ದೊಡ್ಡ ಎಲೆ. ಹಾಗಾಗಿ ಎಲ್ಲಕ್ಕಿಂತ ಒಳ್ಳೆಯ ಕೈ 7-5-4-3-2. ನಿಮ್ಮ 3-4-5-6ಕ್ಕೆ 2 ಬಂದರೂ ಸ್ಟ್ರೇಟ್, 7 ಬಂದರೂ ಸ್ಟ್ರೇಟ್. ಒಳ್ಳೆಯ ಕೈ ಆಗೋಕೆ ಉಳಿಯೋದು 8 ಮಾತ್ರ, ಅಂದರೆ ಕಾಣದ 47 ಎಲೆಯಲ್ಲಿ ನಾಲ್ಕೇ ನಾಲ್ಕು.

ಒಂದು ಲೆಕ್ಕ ಮನಸ್ಸಿನಲ್ಲಿಡಿ. 7ರ ಕೈ, ಅಂದರೆ ದೊಡ್ಡ ಎಲೆ 7 ಆಗಿರುವ ಕೈ, ಒಟ್ಟು ನಾಲ್ಕೇ ಬಗೆ: 7-5-4-3-2, 7-6-4-3-2, 7-6-5-3-2, 7-6-5-4-2. ನಾಲ್ಕರಲ್ಲೂ 2 ಇದೆ ನೋಡಿ. ಎಲೆ ಎತ್ತಿಕೊಂಡ ಕೂಡಲೇ ನಾನು ಹುಡುಕೋದು ಅದನ್ನೇ. 2 ಇಲ್ಲದ ಕೈ ಬಂತು, ನನ್ನ ಹಿಂದೆ ಇನ್ನೂ ಮೂರ್ನಾಲ್ಕು ಜನ ಆಡಬೇಕು ಅಂದರೆ ಹೆಚ್ಚಿನ ಸಲ ಫೋಲ್ಡ್, ಕೈ ಬಿಟ್ಟುಬಿಡೋದೇ. ಕೊನೆಯ ಎರಡು ಸುತ್ತಿನಲ್ಲಿ ಬೆಟ್ ದುಪ್ಪಟ್ಟಾಗುತ್ತದೆ, ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ಕಷ್ಟ.

ಪ್ರಶ್ನೆ: ಹಾಗಾದರೆ 2-3-4-5 ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ, ಅಲ್ವಾ?

ಉತ್ತರ: ಒಳ್ಳೆಯದೇ. ಆದರೆ 2-3-4-7 ಅದಕ್ಕಿಂತ ಮೇಲು. ನಾನೂ ಶುರುವಿನಲ್ಲಿ ಇದನ್ನು ನಂಬಿರಲಿಲ್ಲ. 2-3-4-5ಕ್ಕೆ 6 ಬಂದರೆ ಸ್ಟ್ರೇಟ್. 7 ಇಲ್ಲವೇ 8 ಬರಬೇಕು, ಎಂಟು ಎಲೆ. 2-3-4-7ಕ್ಕೆ 5, 6, 8 ಮೂರೂ ನಡೆಯುತ್ತವೆ, ಹನ್ನೆರಡು ಎಲೆ. ಮೂರೂ ಡ್ರಾ (ಎಲೆ ಬದಲಿಸುವ ಸರದಿ) ಸೇರಿಸಿದರೆ 8 ಅಥವಾ ಅದಕ್ಕಿಂತ ಒಳ್ಳೆಯ ಕೈ ಆಗುವ ಸಾಧ್ಯತೆ 2-3-4-7ಕ್ಕೆ ಸುಮಾರು ಶೇ. 60, 2-3-4-5ಕ್ಕೆ ಸುಮಾರು ಶೇ. 44. ಎದುರಿನವರ ಕೈಯಲ್ಲಿ ಏನಿದೆ ಅನ್ನೋದನ್ನು ಇದರಲ್ಲಿ ಹಿಡಿದಿಲ್ಲ.

ಮತ್ತೊಬ್ಬರ ಪ್ರಶ್ನೆ: ನನಗೆ 2-2-3-3-7 ಬಂತು. ಎರಡು ಜೋಡಿ ಅಂತ ಬೇಜಾರಾಗಿ ಬಿಟ್ಟುಬಿಟ್ಟೆ.

ಉತ್ತರ: ಅಯ್ಯೋ! ಒಂದು 2, ಒಂದು 3 ಎಸೆದು 2-3-7 ಇಟ್ಟುಕೊಂಡು ಎರಡು ಎಲೆ ಎತ್ತಬೇಕಿತ್ತು. ಎಸೆದ ಎಲೆ ಮತ್ತೆ ಬಂದು ಜೋಡಿ ಮಾಡೋದಿಲ್ಲ. ನಿಮಗೆ ಬೇಕಾದ 4, 5, 6 ಒಂದೂ ಖರ್ಚಾಗಿಲ್ಲ. ಎದುರಿನವರಿಗೆ ಬೇಕಾದ 2ಗಳಲ್ಲಿ ಎರಡು ನಿಮ್ಮ ಹತ್ತಿರವೇ ಇದ್ದವು. ಅದು ರೇಸ್ ಮಾಡಿ ಆಡುವ ಕೈ.

ಪ್ರಶ್ನೆ: ಕೊನೆಯದು ಸರ್. ಹಂಚಿದಾಗಲೇ 9-7-4-3-2 ಬಂದರೆ ಬದಲಿಸದೆ ಕೂರೋದಾ?

ಉತ್ತರ: ಇದಕ್ಕೆ ಒಂದೇ ಉತ್ತರ ಇಲ್ಲ. ಎದುರಿಗೆ ಒಬ್ಬರೇ ಇದ್ದು ಅವರು ಮೂರು ಎಲೆ ಎತ್ತಿದರೆ ನಾನು ಹಾಗೇ ಕೂರುತ್ತೇನೆ. ನನಗಿಂತ ಮೊದಲು ಯಾರಾದರೂ ಒಂದೂ ಎಲೆ ಬದಲಿಸದೆ ಕೂತರೆ 9 ಎಸೆಯುತ್ತೇನೆ, ಅವರದು ಹೆಚ್ಚಾಗಿ 8 ಅಥವಾ ಒಳ್ಳೆಯ 9 ಇರುತ್ತದೆ. ಕೆಳಗೆ 2-3-4-7 ಇರೋದರಿಂದ ಒಡೆಯೋಕೆ ಭಯವಿಲ್ಲ. ಅದೇ 9-8-7-6-4 ಆಗಿದ್ದರೆ ಒಡೆದು ಹೋಗೋದೆಲ್ಲಿಗೆ? ಅದರ ಕೆಳಗೆ ಎಲೆ ಎತ್ತಿ ಕಟ್ಟೋಕೆ ಒಳ್ಳೆಯ ನಾಲ್ಕು ಎಲೆ ಇಲ್ಲ.

ಅದಕ್ಕೇ ಡೀಲರ್ ಜಾಗ ಸಿಕ್ಕಾಗ ಜಾಸ್ತಿ ಕೈ ಆಡಿ. ಅಲ್ಲಿ ಕೂತವರು ಕೊನೆಗೆ ಎಲೆ ಎತ್ತುತ್ತಾರೆ, ಉಳಿದವರು ಎಷ್ಟು ಎತ್ತಿದರು ಅಂತ ನೋಡಿಯೇ ತೀರ್ಮಾನ ಮಾಡಬಹುದು.