ಸಹಾಯ ಬೇಕು: ಇವಿ ಕಾರಿನ ಮುಂದಿನ ಎಡಗಾಲಿಯಿಂದ ಕಟಕಟ ಸದ್ದು, ವಿಜಯಪುರದಲ್ಲಿ ಯಾರಿಗೆ ತೋರಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಎಲೆಕ್ಟ್ರಿಕ್ ಕಾರಿನ ಮುಂದಿನ ಎಡಗಾಲಿ ಕಡೆಯಿಂದ ಕಟಕಟ ಸದ್ದು ಬರುತ್ತಿದೆ. ಊರೊಳಗೆ 20-30 ಕಿ.ಮೀ. ವೇಗದಲ್ಲಿ ಸಣ್ಣ ತಗ್ಗುಗಳ ಮೇಲೆ ಹೋದರೆ ಜಾಸ್ತಿ. ಹಂಪ್ ಮೇಲೆ ಎರಡೂ ಗಾಲಿ ಒಟ್ಟಿಗೆ ಹತ್ತಿದರೆ ಸದ್ದೇ ಇಲ್ಲ. ಸೊಲ್ಲಾಪುರ ಹೆದ್ದಾರಿಯಲ್ಲಂತೂ ಗಪ್‌ಚುಪ್. ಡೀಸೆಲ್ ಗಾಡಿಯಾಗಿದ್ದರೆ ಇಂಜಿನ್ ಗದ್ದಲದಲ್ಲಿ ಗೊತ್ತೇ ಆಗುತ್ತಿರಲಿಲ್ಲವೇನೋ!

ಸರ್ವಿಸ್ ಸೆಂಟರ್‌ನವರು ಒಂದು ರೌಂಡ್ ಹೊಡೆದು 'ಇವಿ ಅಂದ್ರ ಹಂಗೇ ಸರ್, ಭಾರ ಜಾಸ್ತಿ' ಅಂದು ಕಳಿಸಿದರು. ಭಾರ ಜಾಸ್ತಿ, ಒಪ್ಪೋಣ. ಆದರೆ ಸದ್ದು ಒಂದೇ ಕಡೆ ಯಾಕ್ರೀ?

ನನ್ನ ಅನುಮಾನ ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಕಡ್ಡಿ) ಮೇಲೆ. ಗಾಡಿ ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಗಾಲಿ ಹಿಂದೆ ಕೈ ಹಾಕಿ ಲಿಂಕ್ ಅಲುಗಾಡಿಸಿದರೆ ಕೆಳಗಿನ ಬಾಲ್ ಜಾಯಿಂಟ್ ಸ್ವಲ್ಪ ಆಡುತ್ತದೆ. ಅದರ ರಬ್ಬರ್ ಬೂಟ್ ಹರಿದು, ಹೊರಬಂದ ಗ್ರೀಸ್‌ಗೆ ಕರಿಮಣ್ಣು ಮೆತ್ತಿಕೊಂಡಿದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಸದ್ದಿಲ್ಲ, ಹಾಗಾಗಿ ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಯನ್ನು ಗಾಡಿಗೆ ಜೋಡಿಸುವ ಭಾಗ) ಇರಲಿಕ್ಕಿಲ್ಲ. ಲೋವರ್ ಆರ್ಮ್ ಬುಷ್ (ಗಾಲಿ ಹಿಡಿದಿರುವ ಕೆಳಗಿನ ತೋಳಿನ ರಬ್ಬರ್ ಜೋಡಣೆ) ಇನ್ನೂ ನೋಡಿಲ್ಲ. ಕೆಳಗೆಲ್ಲ ಬ್ಯಾಟರಿ ಇದೆ, ಜಾಕ್ ಪಾಯಿಂಟ್ ಬಿಟ್ಟು ಬೇರೆ ಕಡೆ ಎತ್ತುವಂತಿಲ್ಲ. ಸುಮ್ನೆ ಸಿಕ್ಕಸಿಕ್ಕವರ ಕೈಗೆ ಕೊಡಲು ಧೈರ್ಯ ಬರುತ್ತಿಲ್ಲ.

ಇಲ್ಲಿ ಅಥವಾ ಬಾಗಲಕೋಟೆ ಕಡೆ ಇವಿ ಎತ್ತಿ ರೂಢಿ ಇರುವ ಮೆಕ್ಯಾನಿಕ್ ಗೊತ್ತಿದ್ದರೆ ತಿಳಿಸಿ. ಬುಷ್ ಹಾಕುವುದಾದರೆ, ಗಾಡಿಯ ಭಾರ ಗಾಲಿಗಳ ಮೇಲೆ ಬಂದ ಮೇಲೇ ಬೋಲ್ಟ್ ಟೈಟ್ ಮಾಡುವವರಾಗಿರಬೇಕು. ಗಾಲಿ ಜೋತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ, ಅಲ್ವಾ? ಲಿಂಕ್ ಎರಡೂ ಕಡೆ ಬದಲಿಸಬೇಕಾ, ಎಡಗಡೆ ಒಂದೇ ಸಾಕಾ? ಇದೇ ತರಹದ ಸದ್ದು ಬಂದವರು ಕೊನೆಗೆ ಯಾವ ಪಾರ್ಟ್ ಬದಲಿಸಿದಿರಿ, ಎಷ್ಟು ಖರ್ಚಾಯಿತು ಹೇಳಿ.