ಫ್ಲಾಪಿ ಕೇಬಲ್‌ನ ‘ಟ್ವಿಸ್ಟ್’: ತಿರುಚಿದ್ದಾ, ಮಗುಚಿದ್ದಾ?

ಹಳೇ ಹೋಮ್ ಕಂಪ್ಯೂಟರ್‌ಗಳಿಗೆ ಫ್ಲಾಪಿ ಡ್ರೈವ್ ಜೋಡಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡ್ರೈವ್, ಕೇಬಲ್, ಪಿನ್, ಜಂಪರ್ (ಎರಡು ಪಿನ್‌ಗಳನ್ನು ಕೂಡಿಸಿ ಆಯ್ಕೆ ಬದಲಿಸುವ ಪುಟ್ಟ ತುಣುಕು) ಈ ಇಂಗ್ಲಿಷ್ ಪದಗಳನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ತೊಡಕಾಗಿರುವುದು ಪಿಸಿ ಫ್ಲಾಪಿ ಕೇಬಲ್‌ನಲ್ಲಿರುವ ‘ಟ್ವಿಸ್ಟ್’ಗೆ ಕನ್ನಡ ಪದ.

ನೋಡಿರದವರಿಗೆ ಸ್ವಲ್ಪ ವಿವರ. ಇದು 34 ತಂತಿಗಳ ಚಪ್ಪಟೆ ಪಟ್ಟಿ. ಕೊನೆಯ ಪ್ಲಗ್‌ಗೆ ಮುಂಚೆ 10ರಿಂದ 16ರವರೆಗಿನ ಏಳು ತಂತಿಗಳನ್ನು ಸೀಳಿ, ಒಟ್ಟಿಗೆ ಅರ್ಧ ಸುತ್ತು ತಿರುಗಿಸಿ ಪ್ಲಗ್‌ಗೆ ಒತ್ತಿರುತ್ತಾರೆ. 10ನೆಯದು 16ರ ಜಾಗಕ್ಕೆ ಹೋಗುತ್ತದೆ, 12ನೆಯದು 14ರ ಜಾಗಕ್ಕೆ. ನಡುವಿನ 13 ಇದ್ದಲ್ಲೇ ಇರುತ್ತದೆ. ಐಬಿಎಂ ಪಿಸಿಯಲ್ಲಿ ಎರಡು ಡ್ರೈವ್‌ಗಳ ಜಂಪರನ್ನೂ ಒಂದೇ ಥರ ಇಟ್ಟು, ಯಾವುದು ಎ ಯಾವುದು ಬಿ ಅನ್ನುವುದನ್ನು ಕೇಬಲ್‌ಗೇ ಬಿಡುವ ಉಪಾಯ ಇದು.

ಬಿಬಿಸಿ ಮೈಕ್ರೋದಂಥ ಹಳೇ ಹೋಮ್ ಕಂಪ್ಯೂಟರ್‌ಗಳಿಗೆ ಬೇಕಾದದ್ದು ಟ್ವಿಸ್ಟ್ ಇಲ್ಲದ ನೇರ ಕೇಬಲ್. ಅಲ್ಲಿ 10 ಮತ್ತು 12 ಡ್ರೈವ್ ಆರಿಸುವ ತಂತಿಗಳು, 16 ಮೋಟರ್‌ನದು. ಪಿಸಿಯಿಂದ ತೆಗೆದ ಡ್ರೈವನ್ನು ಅದೇ ಪಿಸಿ ಕೇಬಲ್‌ನ ತುದಿಗೆ ಸಿಕ್ಕಿಸಿ ಇಂಥ ಯಂತ್ರಕ್ಕೆ ಜೋಡಿಸಿದರೆ, ಡ್ರೈವ್ ಆರಿಸುವ ಸಂಕೇತ ಮೋಟರ್ ಪಿನ್‌ಗೆ ಹೋಗುತ್ತದೆ. ಮೋಟರ್ ತಿರುಗುತ್ತದೆ, ದೀಪ ಹತ್ತುವುದಿಲ್ಲ, ಒಂದಕ್ಷರವೂ ಓದುವುದಿಲ್ಲ. ಓದುಗರು ಡ್ರೈವೇ ಕೆಟ್ಟಿದೆ ಅಂದುಕೊಂಡು ಬಿಚ್ಚಲು ಕೂರುತ್ತಾರೆ. ಹಾಗಾಗಿ ಈ ಪದ ಸರಿಯಾಗಿ ಕೂರಲೇಬೇಕು.

ಮೊದಲು ಹೊಳೆಯುವುದು ‘ತಿರುಚಿದ ಕೇಬಲ್’. ನನಗೆ ಅದು ಹಿಡಿಸುತ್ತಿಲ್ಲ. ಕಿವಿ ತಿರುಚುತ್ತೇವೆ, ಆಡಿದ ಮಾತನ್ನು ತಿರುಚುತ್ತೇವೆ. ಅಲ್ಲಿ ಹಿಂಡುವ, ಕೆಡಿಸುವ ಅರ್ಥವೇ ಜಾಸ್ತಿ. ಇನ್ನೊಂದು ತೊಂದರೆಯೂ ಇದೆ. ನೆಟ್‌ವರ್ಕ್ ಕೇಬಲ್‌ನೊಳಗೆ ಎರಡೆರಡು ತಂತಿ ಹೊಸೆದಿರುತ್ತಾರಲ್ಲ, ಅದಕ್ಕೂ ತಿರುಚಿದ ಜೋಡಿ ಅನ್ನುವುದುಂಟು. ಆ ಹೊಸೆತ ಹೊರಗಿನ ಅಡಚಣೆ ತಗ್ಗಿಸಲು, ಅದರಿಂದ ಯಾವ ತಂತಿ ಯಾವ ಪಿನ್‌ಗೆ ಅನ್ನುವುದು ಬದಲಾಗುವುದಿಲ್ಲ. ಇಲ್ಲಿ ಬದಲಾಗುವುದೇ ಅದು.

ನನ್ನ ಒಲವು ‘ಮಗುಚು’ ಕಡೆಗೆ. ಪುಟ ಮಗುಚಿದ ಹಾಗೆ ಈ ಏಳು ತಂತಿಗಳ ಎಡ ಬಲಕ್ಕೆ ಬಂದಿರುತ್ತದೆ. ‘ತುದಿಯಲ್ಲಿ ಏಳು ತಂತಿ ಮಗುಚಿದ ಕೇಬಲ್’ ಅಂದರೆ ಕೈಯಲ್ಲಿ ಹಿಡಿದವರಿಗೆ ತಟ್ಟನೆ ಕಾಣುತ್ತದೆ.

ಆದರೆ ಒಂದು ಅನುಮಾನ. ಬರೀ ‘ಮಗುಚಿದ ಕೇಬಲ್’ ಅಂತ ಚಿಕ್ಕದು ಮಾಡಿದರೆ, ಪ್ಲಗ್ಗನ್ನೇ ತಿರುವಿ ಹಾಕಬೇಕು ಅಂತ ಯಾರಾದರೂ ತಿಳಿಯಬಹುದು, ಅಲ್ವಾ? ಅದು ಬೇರೆಯೇ ಎಡವಟ್ಟು. ಈ ಕೇಬಲ್‌ನಲ್ಲಿ ಬೆಸ ಸಂಖ್ಯೆಯ ತಂತಿಗಳೆಲ್ಲ ಗ್ರೌಂಡ್ (ಸೊನ್ನೆ ವೋಲ್ಟ್). ಪ್ಲಗ್ ತಿರುಗಿತೆಂದರೆ ಡ್ರೈವ್‌ನ ಸಂಕೇತದ ಪಿನ್‌ಗಳೆಲ್ಲ ಗ್ರೌಂಡ್‌ಗೆ ತಾಗುತ್ತವೆ. ಈ ಡ್ರೈವ್‌ಗಳಲ್ಲಿ ಗ್ರೌಂಡ್‌ಗೆ ತಾಗಿತೆಂದರೆ ಅಪ್ಪಣೆ ಬಂತು ಅಂತ ಲೆಕ್ಕ. ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತಿ, ಆರದೆ ಉರಿಯುತ್ತಲೇ ಇರುತ್ತದೆ. ಬರೆಯುವ ಅಪ್ಪಣೆಯ ಪಿನ್ನೂ ಅದರಲ್ಲಿ ಸೇರಿದೆ. ಆಗ ಬೆಲೆಬಾಳುವ ಡಿಸ್ಕ್ ಒಳಗೆ ಹಾಕಲೇಬಾರದು. ಇದಕ್ಕೆ ‘ಪ್ಲಗ್ ಉಲ್ಟಾ’ ಅಂತಲೇ ಬರೆದಿದ್ದೇನೆ.

ಈಗ ಕೇಳುವುದಿಷ್ಟು. ಇಡೀ ಪ್ಲಗ್‌ಗೆ ‘ಉಲ್ಟಾ’, ಏಳು ತಂತಿಗೆ ‘ಮಗುಚಿದ’ ಅಂತ ಬೇರೆ ಮಾಡಿದರೆ ನಿಮಗೆ ಗೊಂದಲವಿಲ್ಲದೆ ತಿಳಿಯುತ್ತದೆಯೇ? ನಿಮ್ಮ ಮಾತಿನಲ್ಲಿ ಮಗುಚು ಅಂದರೆ ತಲೆಕೆಳಗಾಗುವುದು ಅಂತಲೇ ಇದೆಯೇ, ಅಥವಾ ಮಗ್ಗುಲು ಬದಲಿಸುವುದಕ್ಕೂ ನಡೆಯುತ್ತದೆಯೇ? ‘ಹೊರಳಿಸಿದ’ ಇನ್ನೂ ಚೆನ್ನ ಅನ್ನುವವರಿದ್ದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.

ಜೊತೆಗೆ, ಸಾಲಿನ ಕೊನೆಯ ಡ್ರೈವ್‌ನಲ್ಲಿ ಮಾತ್ರ ಇರಬೇಕಾದ 150 ಓಮ್‌ನ ರೆಸಿಸ್ಟರ್ ಗುಂಪು ಇದೆಯಲ್ಲ, ಟರ್ಮಿನೇಟರ್, ಅದನ್ನು ‘ಕೊನೆ ರೆಸಿಸ್ಟರ್’ ಅಂತ ಬರೆದಿದ್ದೇನೆ. ಅಭ್ಯಂತರವಿದ್ದರೆ ತಿಳಿಸಿ.